ಹೆಬ್ಬೂರಿನ ನರ್ಸಮ್ಮನ ಗಾಡಿ

ಬೈಕ್ ರಿಪೇರಿ ಕೆಲಸ ಬಿಟ್ಟು ಮೂರು ವರ್ಷವಾಯಿತು. ಬಲಗೈ ಬೆರಳುಗಳು ನಡುಗುತ್ತವೆ. ಸಣ್ಣ ಸ್ಕ್ರೂ ಹಿಡಿದರೆ ಜಾರಿ ಬೀಳುತ್ತದೆ. ಗುಬ್ಬಿಯ ನಮ್ಮ ಮನೆ ಜಗಲಿಯ ಮೇಲೆ ಕೂತರೆ ರಸ್ತೆಯಲ್ಲಿ ಹೋಗುವ ಗಾಡಿಗಳ ಸದ್ದು ಕಿವಿಗೆ ಬೀಳುತ್ತಲೇ ಇರುತ್ತದೆ. ಇದರ ಚೈನು ಸಡಿಲವಾಗಿದೆ, ಅದರ ಸೈಲೆನ್ಸರ್ ಒಡೆದಿದೆ ಎಂದು ಗೊತ್ತಾಗುತ್ತದೆ. ಎದ್ದು ಹೋಗಿ ನಿಲ್ಲಿಸಿ ಹೇಳೋಣ ಅನ್ನಿಸುತ್ತದೆ. ಒಂದೆರಡು ಸಲ ಹೇಳಿದ್ದೂ ಉಂಟು. "ಶನಿವಾರ ಸರ್ವಿಸ್‌ಗೆ ಬಿಡ್ತೀನಿ ಅಂಕಲ್" ಎಂದು ಹೊರಟುಹೋಗುತ್ತಾರೆ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಂಜಿನ್ ಬಿಚ್ಚುವುದನ್ನು ನೀವು ಫೋನಿನಲ್ಲೇ ನೋಡಿ ಕಲಿಯುತ್ತೀರಿ, ನನಗಿಂತ ಚೆನ್ನಾಗಿಯೇ ಕಲಿಯುತ್ತೀರಿ. ನಾನು ಹೇಳಬೇಕೆಂದಿರುವುದು ಬೇರೆ. ನನ್ನ ಅರ್ಧ ಕೆಲಸ ಅಂಗಡಿಯಲ್ಲಿ ನಡೆಯಲಿಲ್ಲ, ಜನರ ಮನೆ ಅಂಗಳದಲ್ಲಿ ನಡೆಯಿತು. ಆ ಅಂಗಳಗಳು ಈಗ ನೆನಪಾಗುತ್ತವೆ.

ತುಮಕೂರಿನಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರದು ಗುಬ್ಬಿ ಗೇಟ್ ಹತ್ತಿರ ತಗಡಿನ ಚಾವಣಿಯ ಒಂದು ಅಂಗಡಿ. ಹೆಸರು ಖಾದರ್ ಸಾಬ್. ನಾವು ಉಸ್ತಾದ್ ಎಂದೇ ಕರೆಯುತ್ತಿದ್ದೆವು. ದೊಡ್ಡ ಗಾಡಿಗಳನ್ನು ಅವರು ಮುಟ್ಟುತ್ತಿರಲಿಲ್ಲ. ಹಾಲು ಹಾಕುವವರ, ತೆಂಗಿನಕಾಯಿ ವ್ಯಾಪಾರದವರ, ಮೇಷ್ಟ್ರುಗಳ ಸಣ್ಣ ಬೈಕುಗಳೇ ನಮ್ಮ ಪಾಲಿಗೆ ಬರುತ್ತಿದ್ದವು. ಎರಡನೇ ಕೈಗೋ ಮೂರನೇ ಕೈಗೋ ಬಂದ ಗಾಡಿಗಳು. ಹಳ್ಳಿಯಿಂದ ಅವನ್ನು ತಂದು ಬಿಟ್ಟು ಹೋದರೆ ಮಾಲೀಕನ ಎರಡು ದಿನದ ಕೆಲಸ ಕೆಡುತ್ತಿತ್ತು. ಅದಕ್ಕೆ ಉಸ್ತಾದ್ ಭಾನುವಾರಗಳಂದು ನನ್ನನ್ನು ಟೂಲ್ ಬಾಕ್ಸ್ ಸಮೇತ ಊರೂರಿಗೆ ಕಳಿಸುತ್ತಿದ್ದರು.

"ಲೋಕೇಶ, ಗಾಡಿ ನೋಡೋಕ್ ಮುಂಚೆ ಅದು ನಿಲ್ಲೋ ಜಾಗ ನೋಡು" ಎನ್ನುತ್ತಿದ್ದರು. "ಕಾಯಿಲೆ ಅಲ್ಲೇ ಇರ್ತದೆ."

ಅದು ನಿಜವಾಗಿತ್ತು. ಕೊಟ್ಟಿಗೆ ಪಕ್ಕ ನಿಲ್ಲಿಸಿದ ಗಾಡಿಯ ಚೈನು ಗಂಜಲಕ್ಕೆ ತುಕ್ಕು ಹಿಡಿದಿರುತ್ತಿತ್ತು. ಹುಲ್ಲಿನ ಮೆದೆ ಹತ್ತಿರ ನಿಲ್ಲಿಸಿದ್ದರೆ ಏರ್ ಫಿಲ್ಟರ್‌ನಲ್ಲಿ ಹೊಟ್ಟು. ಕೋಳಿಗಳು ಸೀಟಿನ ಮೇಲೆ ಮಲಗುತ್ತಿದ್ದರೆ ಅದನ್ನು ಹೇಳಬೇಕಾದ್ದೇ ಇಲ್ಲ. ಅಂಗಡಿಯೊಳಗೆ ಕೂತವನಿಗೆ ಇದ್ಯಾವುದೂ ಕಾಣುವುದಿಲ್ಲ.

ಗೂಳೂರಿನ ರುದ್ರಪ್ಪನವರ ಗಾಡಿಯಿಂದ ನಾನು ಒಂದು ಪಾಠ ಕಲಿತೆ. ರುದ್ರಪ್ಪ ಎಳನೀರು ವ್ಯಾಪಾರದವರು, ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಅವರ ಬೈಕು ಮನೆಯಿಂದ ಹೊರಟು ಮೂರು ಮೈಲಿ ಹೋಗುತ್ತಿದ್ದಂತೆ ನಿಂತುಬಿಡುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ತಾನೇ ಸ್ಟಾರ್ಟ್ ಆಗುತ್ತಿತ್ತು. ನಾನು ಮೂರು ಭಾನುವಾರ ಹೋಗಿ ಕಾರ್ಬೊರೇಟರ್ ಬಿಚ್ಚಿ ತೊಳೆದೆ. ಪ್ಲಗ್ ಬದಲಾಯಿಸಿದೆ. ಗಾಡಿ ಮಾತ್ರ ಅದೇ ಮೂರು ಮೈಲಿಗೆ ನಿಲ್ಲುತ್ತಿತ್ತು. ಅಷ್ಟು ಹೊತ್ತಿಗೆ ಅವರು ದೃಷ್ಟಿ ತೆಗೆಸಿ ಹ್ಯಾಂಡಲ್‌ಗೆ ನಿಂಬೆಹಣ್ಣು ಕಟ್ಟಿಸಿದ್ದರು.

ನಾಲ್ಕನೇ ವಾರ ಉಸ್ತಾದರೇ ಬಂದರು. ಒಂದು ಸ್ಪ್ಯಾನರ್ ಕೂಡ ಮುಟ್ಟಲಿಲ್ಲ. ರುದ್ರಪ್ಪನವರ ಹಿಂದೆ ಕೂತು ನಿಧಾನವಾಗಿ ಹೊರಟರು, ನಾನು ಸೈಕಲ್ಲಿನಲ್ಲಿ ಹಿಂದೆಯೇ ಹೋದೆ. ಗಾಡಿ ನಿಂತ ಜಾಗದಲ್ಲಿ ಉಸ್ತಾದ್ ಇಳಿದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದರು. ಒಳಕ್ಕೆ ಗಾಳಿ ಎಳೆದುಕೊಂಡ 'ಉಸ್' ಎಂಬ ಸದ್ದು ಕೇಳಿಸಿತು. ಮುಚ್ಚಳ ಹಾಕದೆ ಕಿಕ್ ಹೊಡೆದರು. ಗಾಡಿ ಸ್ಟಾರ್ಟ್ ಆಯಿತು.

ಮುಚ್ಚಳದಲ್ಲಿ ಸೂಜಿ ಹೋಗುವಷ್ಟು ಒಂದು ತೂತಿರುತ್ತದೆ. ಪೆಟ್ರೋಲ್ ಕೆಳಗೆ ಇಳಿದಂತೆ ಅಲ್ಲಿಂದ ಗಾಳಿ ಒಳಗೆ ಹೋಗಬೇಕು. ಆಯುಧಪೂಜೆಯಲ್ಲಿ ರುದ್ರಪ್ಪ ಭಕ್ತಿಯಿಂದ ವಿಭೂತಿ, ಕುಂಕುಮ ಕಲೆಸಿ ಸರಿಯಾಗಿ ಆ ತೂತಿನ ಮೇಲೇ ಬಳಿದಿದ್ದರು. ಅದು ಒಣಗಿ ಸಿಮೆಂಟಿನಂತೆ ಕೂತಿತ್ತು.

"ಹಂಗಾದ್ರೆ ಪೂಜೆ ಮಾಡ್ಬಾರ್ದಾ ಸಾಬ್ರೇ?" ಎಂದು ರುದ್ರಪ್ಪ ಕೇಳಿದರು.

"ಮಾಡಿ ಸ್ವಾಮಿ. ಗಾಡಿ ಮೂಗು ಬಿಟ್ಟು ಹಣೆಗೆ ಹಚ್ಚಿ" ಎಂದರು ಉಸ್ತಾದ್.

ಬರುವ ದಾರಿಯಲ್ಲಿ ನನಗೆ ಬೈಯಲಿಲ್ಲ. "ಮೂರು ಸಲ ಬಿಚ್ಚಿದೆಯಲ್ಲ, ಒಂದು ಸಲಾನಾದ್ರೂ ಅವರ ಜೊತೆ ಹೋದೆಯಾ?" ಎಂದಷ್ಟೇ ಕೇಳಿದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಈಗ ನನ್ನ ದೊಡ್ಡ ತಪ್ಪಿನ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳದೆ ಉಳಿದದ್ದನ್ನು ಹೇಳುವ ಅಧಿಕಾರ ನನಗಿಲ್ಲ.

ಹೆಬ್ಬೂರಿನಲ್ಲಿ ಶಾರದಮ್ಮ ಎಂಬ ನರ್ಸ್ ಇದ್ದರು. ಸುತ್ತಲಿನ ಹಳ್ಳಿಗಳಿಗೆ ಹೋಗಿ ಬಸುರಿಯರನ್ನು, ಬಾಣಂತಿಯರನ್ನು ನೋಡುವುದು, ಮಕ್ಕಳಿಗೆ ಲಸಿಕೆ ಹಾಕುವುದು ಅವರ ಕೆಲಸ. ನನಗೂ ಅವರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ನಾನು ಸಿಸ್ಟರ್ ಎನ್ನುತ್ತಿದ್ದೆ, ಅವರು ಲೋಕೇಶಣ್ಣ ಎನ್ನುತ್ತಿದ್ದರು. ಅವರ ಗಂಡ ನಂಜುಂಡಯ್ಯ ತುಮಕೂರಿನ ಒಂದು ಶಾಲೆಯಲ್ಲಿ ಗುಮಾಸ್ತರಾಗಿದ್ದರು. ದಿನಾ ಬಸ್ಸಿನಲ್ಲೇ ಓಡಾಡುತ್ತಿದ್ದ ಅವರು ತಮ್ಮ ಹಳೆಯ ಸಣ್ಣ ಬೈಕನ್ನು ಹೆಂಡತಿಗೆ ಬಿಟ್ಟುಕೊಟ್ಟಿದ್ದರು. ಆಗ ನಮ್ಮ ಕಡೆ ಹೆಂಗಸರು ಮೊಪೆಡ್ ಓಡಿಸುವುದೇ ಅಪರೂಪ. ಶಾರದಮ್ಮ ಚೂಡಿದಾರದ ಮೇಲೆ ಬಿಳಿ ಕೋಟು ಹಾಕಿ, ಲಸಿಕೆ ಡಬ್ಬಿಯನ್ನು ಹಿಂದೆ ಕಟ್ಟಿ, ಗೇರಿನ ಗಾಡಿಯಲ್ಲಿ ಹೋಗುತ್ತಿದ್ದರು. ಹೋಟೆಲ್ ಮುಂದೆ ಕೂತವರು ಬೀಡಿ ಕೆಳಗಿಳಿಸಿ ನೋಡುತ್ತಿದ್ದರು.

ಒಂದು ಭಾನುವಾರ ಅವರ ಮನೆಯಲ್ಲಿ ಸರ್ವಿಸ್ ಮಾಡುತ್ತಿದ್ದೆ. ಕಾಲಿನ ಬ್ರೇಕ್ ಪೆಡಲ್ ಬಿಗಿಯಾಗಿತ್ತು, ಬಿಚ್ಚಿ ಗ್ರೀಸ್ ಹಾಕಿದೆ. ಪೆಡಲಿನಿಂದ ಹಿಂದಿನ ಚಕ್ರಕ್ಕೆ ಒಂದು ಕಂಬಿ ಹೋಗುತ್ತದೆ. ಅದು ಕಳಚದಂತೆ ತಡೆಯುವುದು ಎರಡು ಕಾಲಿನ ಒಂದು ಸಣ್ಣ ಪಿನ್ನು, ಹೆಂಗಸರ ಹೇರ್ ಪಿನ್ನಿನಂಥದ್ದು. ಹಳೆಯದು ಬಿಚ್ಚುವಾಗ ಮುರಿಯಿತು. ಡಬ್ಬಿಯಲ್ಲಿ ಹೊಸದಿರಲಿಲ್ಲ. ಒಂದು ತುಂಡು ಬೈಂಡಿಂಗ್ ವೈರ್ ತೂರಿಸಿ ತಿರುಚಿದೆ. ಮುಂದಿನ ವಾರ ಸರಿಯಾದದ್ದನ್ನು ಹಾಕೋಣ ಅಂದುಕೊಂಡೆ. ಹೊರಗೆ ಇನ್ನೊಬ್ಬರು ತಮ್ಮ ಗಾಡಿ ನೋಡಲು ಅವಸರ ಮಾಡುತ್ತಿದ್ದರು. ಶಾರದಮ್ಮನಿಗೆ ಹೇಳಲಿಲ್ಲ. ಮುಂದಿನ ವಾರ ನನಗೆ ನೆನಪೂ ಆಗಲಿಲ್ಲ.

ಹದಿನೈದು ದಿನ ಕಳೆದ ಮೇಲೆ, ಒಂದು ಬೆಳಗ್ಗೆ, ಹೆರಿಗೆ ನೋವು ಶುರುವಾಗಿದೆ ಎಂದು ಪಕ್ಕದ ಹಳ್ಳಿಯಿಂದ ಕರೆ ಬಂತು. ಶಾರದಮ್ಮ ಹೊರಟರು. ತಿರುವಿನಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು. ಕಾಲಿನ ಬ್ರೇಕ್ ಒತ್ತಿದರೆ ಪೆಡಲ್ ಸುಮ್ಮನೆ ಕೆಳಗೆ ಹೋಯಿತು. ಕೈ ಬ್ರೇಕ್ ಹಿಡಿದದ್ದೇ ಜಲ್ಲಿಯ ಮೇಲೆ ಮುಂದಿನ ಚಕ್ರ ಜಾರಿತು. ಎಡಗೈ ಮಣಿಕಟ್ಟು ಮುರಿಯಿತು. ಅವರು ಗಾಡಿಯನ್ನು ಅಲ್ಲೇ ಬಿಟ್ಟು, ದುಪಟ್ಟಾದಲ್ಲಿ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಉಳಿದ ದಾರಿ ನಡೆದರು. ಆ ಮನೆಯ ಅಜ್ಜಿಗೆ ಹೀಗೆ ಹಿಡಿ, ಹಾಗೆ ಹಿಡಿ ಎಂದು ಹೇಳಿ ಹೇಳಿ ಹೆರಿಗೆ ಮಾಡಿಸಿದರು. ತಾಯಿ, ಮಗು ಇಬ್ಬರೂ ಉಳಿದರು. ತಮ್ಮ ಕೈ ತೋರಿಸಲು ಆಸ್ಪತ್ರೆಗೆ ಹೋದದ್ದು ಆಮೇಲೆ.

ನಂಜುಂಡಯ್ಯ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ನಮ್ಮ ಅಂಗಡಿಗೇ ತಂದರು. ನಾನು ಬಗ್ಗಿ ನೋಡಿದೆ. ಕಂಬಿ ಕಳಚಿ ಜೋತಾಡುತ್ತಿತ್ತು. ಪಿನ್ನಿನ ತೂತಿನಲ್ಲಿ ನನ್ನ ಬೈಂಡಿಂಗ್ ವೈರಿನ ಒಂದು ಚೂರು ಸಿಕ್ಕಿಕೊಂಡಿತ್ತು. ಅಂಗಡಿಯಲ್ಲಿ ಅದು ಬೇರೆ ಯಾರಿಗೂ ಕಂಡಿರಲಿಲ್ಲ. ನಾನು ಅದನ್ನು ಎಳೆದು ಚರಂಡಿಗೆ ಎಸೆದೆ. ಹೊಸ ಪಿನ್ನು ಹಾಕಿದೆ.

ಸಂಜೆ ಉಸ್ತಾದ್ ಗಾಡಿ ಪಕ್ಕ ಕುಕ್ಕರಗಾಲಲ್ಲಿ ಕೂತರು. ತುಕ್ಕು, ಮಣ್ಣು ಮೆತ್ತಿದ ಗಾಡಿಯಲ್ಲಿ ಆ ಪಿನ್ನೊಂದೇ ಹೊಳೆಯುತ್ತಿತ್ತು.

"ಹಳೇ ಪಿನ್ನೆಲ್ಲೋ?"

"ತುಕ್ಕು ಹಿಡಿದಿತ್ತು ಉಸ್ತಾದ್. ಬಿಸಾಕ್ದೆ."

ಅವರು ನನ್ನ ಮುಖ ನೋಡಿದರು. ಎದ್ದು ಕೈ ತೊಳೆಯಲು ಹೋದರು.

ಒಂದು ತಿಂಗಳು ಹಾಗೇ ಹೋಯಿತು. ಆ ತಿಂಗಳಲ್ಲಿ ನನ್ನ ಕಿವಿಗೆ ಏನೇನೋ ಬೀಳುತ್ತಿತ್ತು. "ಹೆಂಗಸರಿಗ್ಯಾಕೆ ಗೇರ್ ಗಾಡಿ", "ಭಯ ಬಿದ್ದು ಬ್ರೇಕ್ ಬದಲು ಆಕ್ಸಿಲೇಟರ್ ತಿರುಗಿಸವ್ಳೆ" ಎಂದು ಹೆಬ್ಬೂರಿನಿಂದ ಬಂದವರು ನಮ್ಮ ಅಂಗಡಿಯಲ್ಲೇ ಚಹಾ ಕುಡಿಯುತ್ತ ಹೇಳುತ್ತಿದ್ದರು. ನಾನು ತಲೆ ಬಗ್ಗಿಸಿ ಸ್ಪ್ಯಾನರ್ ತಿರುಗಿಸುತ್ತಿದ್ದೆ. ರಾತ್ರಿಯ ಊಟ ಸೇರುತ್ತಿರಲಿಲ್ಲ. ಹೆಂಡತಿ ಮಂಗಳ ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದೆ.

ಕೊನೆಗೆ ನಂಜುಂಡಯ್ಯ ಅಂಗಡಿಗೆ ಬಂದರು. "ಗಾಡಿ ಯಾರಿಗಾದ್ರೂ ಕೊಟ್ಬಿಡಿ ಸಾಬ್ರೇ. ಅವ್ಳು ಇನ್ಮೇಲೆ ಮುಟ್ಟಲ್ಲ ಅಂತಾಳೆ. ತನ್ನ ಮೇಲೇ ನಂಬ್ಕೆ ಹೋಗ್ಬಿಟ್ಟಿದೆ" ಎಂದರು.

ಅವರು ಹೋದ ಮೇಲೆ ಉಸ್ತಾದ್ ಕೈ ಒರೆಸಿಕೊಂಡು ನನ್ನ ಹತ್ತಿರ ಬಂದು ನಿಂತರು.

"ನಾಳೆ ಗಾಡಿ ತಗೊಂಡು ಹೆಬ್ಬೂರಿಗೆ ಹೋಗು. ಅಲ್ಲಿ ಏನು ಹೇಳ್ಬೇಕೋ ನಿಂಗೇ ಗೊತ್ತು. ಹೇಳಿ ಬಂದ್ರೆ ಅಂಗಡಿಗೆ ಬಾ. ಹೇಳ್ದೇ ಇದ್ರೆ ಬರ್ಬೇಡ."

ಮಾರನೆಯ ದಿನ ಹೋದೆ. ಶಾರದಮ್ಮ ಪ್ಲಾಸ್ಟರ್ ಹಾಕಿದ ಕೈ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿ ಕೂತಿದ್ದರು. ಅತ್ತೆ ಗೌರಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದರು. ಗಾಡಿ ಕಂಡದ್ದೇ ಶಾರದಮ್ಮ ಮುಖ ತಿರುಗಿಸಿದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಪಿನ್ನು ಮುರಿದದ್ದು, ವೈರ್ ಕಟ್ಟಿದ್ದು, ಮರೆತದ್ದು, ಚೂರನ್ನು ಚರಂಡಿಗೆ ಎಸೆದದ್ದು, ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದದ್ದು.

ಗೌರಮ್ಮ ಮೊರವನ್ನು ನೆಲಕ್ಕೆ ಬಡಿದರು. "ನಿನ್ ಕೈ ಸೇದೋಗ! ಮನೆ ಸೊಸೇನ ಕೊಂದೇಬಿಡ್ತಿದ್ಯಲ್ಲೋ ಪಾಪಿ! ಊರೋರೆಲ್ಲ ಇವ್ಳನ್ನ ಆಡ್ಕೊಂಡ್ರು, ನೀನು ಕೇಳ್ಕೊಂಡು ಕೂತಿದ್ದಾ?"

ಶಾರದಮ್ಮ ನನ್ನ ಕಡೆ ತಿರುಗಿದರು. ಮೆಲ್ಲಗೆ ಕೇಳಿದರು:

"ಅಂದ್ರೆ, ನಾನು ಬ್ರೇಕ್ ಒತ್ತಿದ್ನಾ?"

"ಒತ್ತಿದ್ರಿ ಸಿಸ್ಟರ್. ಜೋರಾಗೇ ಒತ್ತಿದೀರಿ. ಅದಕ್ಕೇ ವೈರ್ ಕಿತ್ತೋಗಿದ್ದು."

"ಒತ್ತಿದ್ದೆ ಅಂತ ಎಲ್ರಿಗೂ ಹೇಳ್ದೆ. ಯಾರೂ ನಂಬ್ಲಿಲ್ಲ. ಆಮೇಲಾಮೇಲೆ ನಂಗೇ ಅನುಮಾನ ಬಂತು" ಎಂದು ಹೇಳಿ ಅಳತೊಡಗಿದರು. ಕೈ ಮುರಿದ ದಿನ ಕೂಡ ಅವರು ಅಳಲಿಲ್ಲವಂತೆ, ಗೌರಮ್ಮ ಆಮೇಲೆ ಹೇಳಿದರು.

ನಾನು ಮುರಿದದ್ದು ಅವರ ಕೈ ಒಂದನ್ನೇ ಅಲ್ಲ ಎಂದು ಆಗ ತಿಳಿಯಿತು. ಹುಡುಗರೇ, ಕೆಲಸದಲ್ಲಿ ತಪ್ಪು ಎಲ್ಲರಿಂದಲೂ ಆಗುತ್ತದೆ. ನಿಮ್ಮ ತಪ್ಪನ್ನು ನೀವು ಮುಚ್ಚಿಟ್ಟ ದಿನದಿಂದ ಅದನ್ನು ಇನ್ಯಾರೋ ಹೊರುತ್ತಾರೆ.

ಕಣ್ಣೊರೆಸಿಕೊಂಡ ಮೇಲೆ ಶಾರದಮ್ಮ ಎದ್ದು ಬಂದು ಗಾಡಿಯ ಸುತ್ತ ಒಮ್ಮೆ ನಡೆದರು. "ಮಾರಲ್ಲ ಇದನ್ನ. ಆದ್ರೆ ಇನ್ಮೇಲೆ ನನ್ ಗಾಡಿ ನಾನೇ ನೋಡ್ಕೋತೀನಿ. ಎಲ್ಲಾ ಕಲಿಸ್ಕೊಡ್ಬೇಕು ನೀವು. ಪ್ಲಾಸ್ಟರ್ ಬಿಚ್ಚೋವರ್ಗೂ ಕಾಯಲ್ಲ."

ಹಾಗೆ ಹೆಬ್ಬೂರಿನ ಭಾನುವಾರಗಳು ಶುರುವಾದವು. ನನ್ನ ವೃತ್ತಿಯಲ್ಲಿ ವಾಪಸ್ ಬರಲಿ ಎಂದು ಏನಾದರೂ ಕೇಳಿಕೊಳ್ಳುವುದಿದ್ದರೆ ಅವನ್ನೇ ಕೇಳುತ್ತೇನೆ.

ಅವರ ಅಂಗಳದಲ್ಲಿ ಒಂದು ನುಗ್ಗೆ ಮರವಿತ್ತು. ಅದರ ನೆರಳಿನಲ್ಲಿ ಗೋಣಿಚೀಲ ಹಾಸುತ್ತಿದ್ದೆವು. ಮೊದಲು ಚೈನು. ಹಳೆಯ ಹಲ್ಲುಜ್ಜುವ ಬ್ರಷ್ಷು, ಸೀಮೆಎಣ್ಣೆ, ಆಮೇಲೆ ಒಣಬಟ್ಟೆ, ಕೊನೆಗೆ ಎಣ್ಣೆ. ಚೈನನ್ನು ಮಧ್ಯದಲ್ಲಿ ಬೆರಳಿಂದ ಎತ್ತಿದರೆ ಒಂದು ಇಂಚು ಆಡಬೇಕು, ಅಷ್ಟೇ. ಆಮೇಲೆ ಪ್ಲಗ್. ಬಿಚ್ಚಿ ತುದಿ ನೋಡಿದರೆ ಹಾಲು ಹಾಕಿದ ಕಾಫಿ ಬಣ್ಣ ಇರಬೇಕು. ಕಪ್ಪಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಬೆಳ್ಳಗಿದ್ದರೆ ಕಡಿಮೆ. ಕ್ಲಚ್ ಕೇಬಲ್‌ಗೆ ಎಣ್ಣೆ ಬಿಡುವುದಕ್ಕೆ ಅದರ ತುದಿಗೆ ಪ್ಲಾಸ್ಟಿಕ್ ಕವರನ್ನು ಕೊಳವೆಯಂತೆ ಕಟ್ಟಿ, ನಾಲ್ಕು ಹನಿ ಹಾಕಿ, ನಿಧಾನವಾಗಿ ಇಳಿಯಲು ಬಿಡಬೇಕು. ಶಾರದಮ್ಮನಿಗೆ ಇದು ಬಹಳ ಹಿಡಿಸಿತು. "ನಾವು ಡ್ರಿಪ್ ಹಾಕ್ದಂಗೇ ಐತಲ್ಲ!" ಎಂದು ನಕ್ಕರು.

ಅವರದು ಒಂದೇ ಕೈ. ಇನ್ನೊಂದು ಕೈಯಾಗಿ ಗೌರಮ್ಮ ಬಂದು ಕೂತರು. ಮೊದಲ ಎರಡು ವಾರ ನನ್ನ ಮುಖ ನೋಡದೆ, ಮಾತೂ ಆಡದೆ ಸೀಮೆಎಣ್ಣೆ ಡಬ್ಬಿ ಹಿಡಿದುಕೊಂಡಿದ್ದರು. ಮೂರನೇ ವಾರ ಬ್ರಷ್ಷನ್ನು ನನ್ನ ಕೈಯಿಂದ ಕಿತ್ತುಕೊಂಡು, "ಹಂಗೆಲ್ಲ ಉಜ್ಜುದ್ರೆ ಕೊಳೆ ಹೋಯ್ತದೇನ್ಲಾ? ಕೊಡಿಲ್ಲಿ" ಎಂದು ತಾವೇ ಚೈನು ಉಜ್ಜಿದರು. ಆವತ್ತು ಊಟಕ್ಕೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಬಂತು. ನನ್ನನ್ನು ಕ್ಷಮಿಸಿದ್ದೇನೆ ಎಂದು ಅವರು ಬಾಯಲ್ಲಿ ಯಾವತ್ತೂ ಹೇಳಲಿಲ್ಲ. ಚಟ್ನಿಯನ್ನು ಎರಡನೇ ಸಲ ಬಡಿಸಿದರು.

ಪ್ಲಾಸ್ಟರ್ ಬಿಚ್ಚಿದ ವಾರ ಶಾರದಮ್ಮ ಗಾಡಿ ಹತ್ತಿ ಊರಿನ ಬೀದಿಯಲ್ಲೇ ಹೋದರು. ಹೋಟೆಲ್ ಮುಂದೆ ನಿಲ್ಲಿಸಿ, ಕೆಳಗಿಳಿದು, ಪ್ಲಗ್ ಬಿಚ್ಚಿ, ಒರೆಸಿ, ಮತ್ತೆ ಹಾಕಿ ಹೊರಟರಂತೆ. ಪ್ಲಗ್ಗಿಗೆ ಏನೂ ಆಗಿರಲಿಲ್ಲ. "ಸುಮ್ನೆ ಬಿಚ್ದೆ ಕಣಣ್ಣ, ನೋಡ್ಲಿ ಅಂತ" ಎಂದು ಆಮೇಲೆ ನನ್ನ ಮುಂದೆ ಒಪ್ಪಿಕೊಂಡರು.

ವರ್ಷ ತುಂಬುವಷ್ಟರಲ್ಲಿ ಅವರಿಗೆ ನನ್ನ ಅಗತ್ಯವೇ ಇರಲಿಲ್ಲ. ಒಂದು ದಿನ ದಾರಿಯಲ್ಲಿ ಕ್ಲಚ್ ಕೇಬಲ್ ಕಿತ್ತುಹೋದಾಗ, ಕ್ಲಚ್ ಇಲ್ಲದೆಯೇ ಗೇರ್ ಬದಲಾಯಿಸಿಕೊಂಡು ಮನೆ ಸೇರಿ, ತಾವೇ ಹೊಸದನ್ನು ಹಾಕಿದ್ದರು. ನಾನು ಭಾನುವಾರ ಹೋದಾಗ ಗಾಡಿ ಒರೆಸಿ ನಿಂತಿತ್ತು. ಮಾಡಲು ಏನೂ ಕೆಲಸವಿಲ್ಲ. ಆದರೂ ಹೋಗುತ್ತಿದ್ದೆ. ನುಗ್ಗೆ ಮರದ ಕೆಳಗೆ ಕೂತು ಅವರು ತಮ್ಮ ಹಳ್ಳಿಗಳ ಸಮಾಚಾರ ಹೇಳುತ್ತಿದ್ದರು, ನಾನು ಅಂಗಡಿಯ ಸಮಾಚಾರ ಹೇಳುತ್ತಿದ್ದೆ, ಗೌರಮ್ಮ ಇಬ್ಬರನ್ನೂ ತಿದ್ದುತ್ತಿದ್ದರು. ಕಲಿಸುವವನಿಗೆ ಇದೊಂದು ಕಷ್ಟ. ಚೆನ್ನಾಗಿ ಕಲಿಸಿದರೆ ಬರುವ ಕಾರಣವೇ ಇಲ್ಲದಂತಾಗುತ್ತದೆ.

ಆಮೇಲೆ ಅವರಿಗೆ ಕುಣಿಗಲ್ ಕಡೆಗೆ ವರ್ಗವಾಯಿತು. ಲಾರಿಗೆ ಸಾಮಾನು ಹೇರುವಾಗ ಬೈಕನ್ನು ನಾನೇ ಹಗ್ಗ ಕಟ್ಟಿ ನಿಲ್ಲಿಸಿದೆ. "ಬತ್ತಾ ಇರಪ್ಪ ಲೋಕೇಶ" ಎಂದರು ಗೌರಮ್ಮ. "ಮುಂದಿನ ತಿಂಗಳೇ ಬರ್ತೀನಮ್ಮ" ಎಂದೆ. ಹೋಗಲಿಲ್ಲ. ಉಸ್ತಾದರಿಗೆ ಉಸಿರಾಟದ ತೊಂದರೆ ಶುರುವಾಯಿತು, ಅಂಗಡಿ ನನ್ನ ಮೇಲೆ ಬಿತ್ತು. ತುಮಕೂರಿನಿಂದ ಕುಣಿಗಲ್‌ಗೆ ಬಸ್ಸಿನಲ್ಲಿ ಹೆಚ್ಚು ಹೊತ್ತು ಬೇಕಿಲ್ಲ. ಹತ್ತಿರವೇ ಇದೆ, ಯಾವಾಗಲಾದರೂ ಹೋಗಬಹುದು ಎಂದುಕೊಂಡೇ ವರ್ಷಗಳು ಹೋದವು.

ಅಷ್ಟರಲ್ಲಿ ಕೆಲಸವೂ ಬದಲಾಯಿತು. ಪೆಟ್ರೋಲಿಗೆ ಆಯಿಲ್ ಬೆರೆಸುವ ಗಾಡಿಗಳು ಹೋದವು, ಅವುಗಳ ಹೊಗೆ, ಪಟಪಟ ಸದ್ದು ಹೋದವು. ಕೊನೆಕೊನೆಗೆ ಕಾರ್ಬೊರೇಟರ್ ಕೂಡ ಹೋಗಿ ಸೆನ್ಸರ್ ಬಂತು. ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ ಹೋಗುವ ಹುಡುಗನೊಬ್ಬ ಒಮ್ಮೆ ತನ್ನ ಹೊಸ ಬೈಕು ತಂದ. ನಾನು ಬಗ್ಗಿ ಕಿವಿ ಕೊಟ್ಟು ಕೇಳುತ್ತಿದ್ದರೆ ಅವನು ನಯವಾಗಿ, "ಸ್ಕ್ಯಾನರ್ ಇಲ್ವಾ ಅಂಕಲ್?" ಎಂದ. ಇರಲಿಲ್ಲ. ಅವನು ತಪ್ಪು ಕೇಳಲಿಲ್ಲ. ಮೆಷಿನ್ ಹಾಕಿದರೆ ಎರಡು ನಿಮಿಷದಲ್ಲಿ ಕಾಯಿಲೆ ಗೊತ್ತಾಗುತ್ತದೆ. ನೀವು ಅದನ್ನು ಕಲಿಯಿರಿ. ಉಸ್ತಾದ್ ಇದ್ದಿದ್ದರೆ ಅವರೂ ಕಲಿಯುತ್ತಿದ್ದರು. ಅವರು ತೀರಿಕೊಂಡ ದಿನ ಅಂಗಡಿಯ ಮುಂದೆ ಸಣ್ಣ ಗಾಡಿಗಳು ರಸ್ತೆಯುದ್ದಕ್ಕೂ ನಿಂತಿದ್ದವು. ರುದ್ರಪ್ಪನವರೂ ಬಂದಿದ್ದರು.

ಕಳೆದ ತಿಂಗಳು ನಮ್ಮ ಬೀದಿಗೆ ಬರುವ ಆರೋಗ್ಯ ಇಲಾಖೆಯ ಹೆಣ್ಣುಮಗಳೊಬ್ಬಳು ಮಾತಿನ ನಡುವೆ ಶಾರದಮ್ಮನ ಹೆಸರು ಹೇಳಿದಳು. ಅವರ ಕೈಕೆಳಗೆ ಕೆಲಸ ಕಲಿತವಳಂತೆ. ನಂಬರ್ ಕೊಟ್ಟಳು. ಎರಡು ದಿನ ಫೋನ್ ಹಿಡಿದುಕೊಂಡು ಕೂತಿದ್ದೆ. ಕೊನೆಗೆ ಮಂಗಳಳೇ, "ಮಾಡ್ರೀ, ಇಲ್ದಿದ್ರೆ ನಾನೇ ಮಾಡ್ತೀನಿ" ಎಂದು ಗದರಿದಳು.

"ಯಾರು?" ಎಂದಿತು ಆ ಕಡೆಯ ಧ್ವನಿ.

"ಲೋಕೇಶ ಸಿಸ್ಟರ್. ತುಮಕೂರು. ಗಾಡಿ ರಿಪೇರಿ."

"ಮುಂದಿನ ತಿಂಗಳು ಬರ್ತೀನಿ ಅಂದಿದ್ರಲ್ಲಣ್ಣ, ಯಾವ್ ತಿಂಗಳು ಇದು?" ಎಂದರು.

ಮರುದಿನವೇ ಕುಣಿಗಲ್ ಬಸ್ಸು ಹತ್ತಿದೆ. ಶಾರದಮ್ಮನ ತಲೆ ಪೂರ್ತಿ ಬೆಳ್ಳಗಾಗಿದ್ದರೂ ನಡಿಗೆಯಲ್ಲಿ ಅದೇ ಅವಸರ. ನಂಜುಂಡಯ್ಯ ಪೇಪರ್ ಮಡಿಸಿಟ್ಟು ಕುರ್ಚಿ ಕೊಟ್ಟರು. ಗೌರಮ್ಮ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ನನಗೆ ಗೊತ್ತೇ ಇರಲಿಲ್ಲ. ಗೋಡೆಯ ಮೇಲಿನ ಅವರ ಫೋಟೋದ ಮುಂದೆ ಕೈ ಮುಗಿದು ನಿಂತೆ.

ಹಿತ್ತಿಲ ಶೀಟಿನ ಕೆಳಗೆ ಬೈಕು ನಿಂತಿತ್ತು. ಬಣ್ಣ ಮಾಸಿತ್ತು, ಸೀಟು ಎಷ್ಟನೆಯದೋ. ಚೈನು ಮಾತ್ರ ಶುಭ್ರವಾಗಿತ್ತು. "ತರಕಾರಿಗೆ, ದೇವಸ್ಥಾನಕ್ಕೆ ಇದ್ರಲ್ಲೇ ಹೋಗೋದು. ಈಗೀಗ ನಿಂತಾಗ ಆಫ್ ಆಗತ್ತೆ" ಎಂದರು ಶಾರದಮ್ಮ. ಕಾರ್ಬೊರೇಟರ್ ಬಿಚ್ಚಲು ಕೈ ಹಾಕಿದೆ. ಪೆಟ್ರೋಲ್ ಬರುವ ಸಣ್ಣ ಹಿತ್ತಾಳೆ ಜೆಟ್ ಬೆರಳಿನಿಂದ ಜಾರಿ ಮಣ್ಣಿಗೆ ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು. ಶಾರದಮ್ಮ ನನ್ನ ಕೈಯನ್ನು ನರ್ಸಿನ ಕಣ್ಣಿನಿಂದ ಒಮ್ಮೆ ನೋಡಿದರು. ಗೋಣಿಚೀಲ ಎಳೆದುಕೊಂಡು ಕೂತು, "ನೀವು ಹೇಳ್ತಾ ಹೋಗಿ, ನಾನ್ ಮಾಡ್ತೀನಿ" ಎಂದರು.

ಹೇಳುವುದಕ್ಕೆ ಏನೂ ಇರಲಿಲ್ಲ. ಅವರಿಗೆ ಎಲ್ಲವೂ ಗೊತ್ತಿತ್ತು. ಆದರೂ ಪ್ರತಿ ಸ್ಕ್ರೂಗೂ, "ಇದಾ ಅಣ್ಣ?" ಎಂದು ಕೇಳಿದರು. "ಹೂಂ, ಅದೇ" ಎಂದೆ. ಮಧ್ಯಾಹ್ನದವರೆಗೆ ಹಾಗೇ ಕೂತಿದ್ದೆವು.

ಊಟವಾದ ಮೇಲೆ ಹೊರಟೆ. ಬಸ್ ಸ್ಟ್ಯಾಂಡಿಗೆ ನಡೆದೇ ಹೋಗುತ್ತೇನೆ ಎಂದರೆ ಬಿಡಲಿಲ್ಲ, ಬೈಕು ಹೊರಗೆ ತಂದರು. ಆ ಗಾಡಿಯ ಒಂದೊಂದು ನಟ್ಟೂ ನನಗೆ ಗೊತ್ತು, ಆದರೆ ಅವರ ಹಿಂದೆ ಕೂತು ಹೋದದ್ದು ಅದೇ ಮೊದಲು. ಎಂಜಿನ್ನು ಸಮನಾಗಿ ಓಡುತ್ತಿತ್ತು. ತಿರುವುಗಳಲ್ಲಿ ನಿಧಾನವಾಗಿ, ಅಳತೆಯಿಟ್ಟಂತೆ ಬ್ರೇಕ್ ಒತ್ತುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡೆ.

ಬಸ್ ಸ್ಟ್ಯಾಂಡಿನಲ್ಲಿ ತುಮಕೂರು ಬಸ್ಸು ಹೊರಡುವುದರಲ್ಲಿತ್ತು. ಕಂಡಕ್ಟರ್ ಕೂಗುತ್ತಿದ್ದ. ಒಳಗೆ ಮುಕ್ಕಾಲು ಸೀಟು ಖಾಲಿ.

"ರಶ್ ಇದೆ ಸಿಸ್ಟರ್" ಎಂದೆ. "ಮುಂದಿನದಕ್ಕೆ ಹೋಗ್ತೀನಿ."

ಶಾರದಮ್ಮ ಬಸ್ಸಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಎಂಜಿನ್ ಆಫ್ ಮಾಡಿ, ಸ್ಟ್ಯಾಂಡ್ ಹಾಕಿದರು.

"ಹೂಂ ಅಣ್ಣ, ತುಂಬಾ ರಶ್ಶು" ಎಂದರು.